ಬೈಸಿಕೊಳ್ಳುವ ದೇವರು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿತ್ತು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸನ್ನು ಡಾಕ್ಟರರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಆರು ದೊಡ್ಡ ಯಂತ್ರಗಳು, ಎರಡು ಇಸ್ತ್ರಿ ಉರುಳೆಗಳು, ಹನ್ನೊಂದು ಜನ ಕೆಲಸದವರು, ಇವೆಲ್ಲದರ ಮೇಲೆ ಅವಳ ಕಣ್ಣು. ಯಾವ ಕಲೆಗೆ ಸೋಡಾ, ಯಾವುದಕ್ಕೆ ತಣ್ಣೀರು, ಯಾವುದಕ್ಕೆ ಕುದಿನೀರು ಎಂದು ಬಟ್ಟೆಯನ್ನು ಬೆಳಕಿಗೆ ಹಿಡಿದೇ ಹೇಳಿಬಿಡುವಳು. ಆದರೆ ಅವಳ ಹೆಸರು ಹರಡಿದ್ದು ಬಟ್ಟೆಯಿಂದಲ್ಲ, ಪ್ರಾರ್ಥನೆಯಿಂದ.

ಬೆಳಗಿನ ಪಾಳಿ ಶುರುವಾಗುವ ಮೊದಲು ಹನ್ನೊಂದು ಜನವೂ ಯಂತ್ರಗಳ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ದೊಡ್ಡಕ್ಕ ಕಣ್ಣು ಮುಚ್ಚಿ ಎರಡು ನಿಮಿಷ ದೇವರ ಜೊತೆ ಮಾತನಾಡುವಳು. ಮಡಿಸಿಟ್ಟ ಹಾಸುಬಟ್ಟೆಯ ಹಾಗೆ ಅವಳ ಮಾತಿನಲ್ಲಿ ಒಂದು ಸುಕ್ಕೂ ಇರುತ್ತಿರಲಿಲ್ಲ. ನಿನ್ನ ಕರುಣೆ ದೊಡ್ಡದು, ನಿನ್ನ ದಾರಿ ನಮಗೆ ತಿಳಿಯದು, ಕೊಟ್ಟದ್ದಕ್ಕೂ ಕೊಡದೇ ಇದ್ದದ್ದಕ್ಕೂ ನಿನಗೆ ವಂದನೆ. ಇಸ್ತ್ರಿ ಮಾಡುವ ಮುದುಕ ತಮಾಷೆ ಮಾಡುತ್ತಿದ್ದ: "ನಾವು ಪ್ರಾರ್ಥನೆ ಮಾಡಿದ್ರೆ ದೇವರು ಆಕಳಿಸ್ತಾನೆ. ದೊಡ್ಡಕ್ಕ ಶುರು ಮಾಡಿದ್ರೆ ಅಂಗಿ ಗುಂಡಿ ಹಾಕ್ಕೊಂಡು ಎದ್ದು ಕೂರ್ತಾನೆ." ದೊಡ್ಡಕ್ಕ ಗದರಿಸುವಳು. ಒಳಗೊಳಗೇ ಹಿಗ್ಗುವಳು.

ಮನೆಯಲ್ಲಿ ಅವಳೂ ತಾಯಿಯೂ ಇಬ್ಬರೇ. ಅಪ್ಪ ಸತ್ತಾಗ ತಂಗಿ ಮೂರು ವರ್ಷದ ಕೂಸು, ಇವಳಿಗೆ ಹದಿನಾರು. ಅಮ್ಮ ಕೆಲಸಕ್ಕೆ ಹೋದರೆ ತಂಗಿ ಇವಳ ಸೊಂಟದ ಮೇಲೆ. ಆ ಕೂಸಿಗೆ ತಲೆ ಬಾಚಿ, ಅಕ್ಷರ ತಿದ್ದಿಸಿ, ಒಂದು ದಡ ಸೇರಿಸುವ ಹೊತ್ತಿಗೆ ಇವಳ ಮದುವೆಯ ವಯಸ್ಸು ಹೇಳದೆ ಕೇಳದೆ ದಾಟಿಹೋಗಿತ್ತು. ಅದಕ್ಕಾಗಿ ಅವಳು ಎಂದೂ ಗೊಣಗಲಿಲ್ಲ. ತಂಗಿ ಒಬ್ಬ ಬಡಗಿಯನ್ನು ಮದುವೆಯಾದಳು. ಬಾಗಿಲು ಕಿಟಕಿ ಮಾಡುವವನು, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಎರಡು ಬೀದಿ ಆಚೆ ಅವರ ಮನೆ.

ಆ ವರ್ಷ ಜ್ವರ ಬಂತು. ಮೊದಲ ವಾರ ಸುದ್ದಿ, ಎರಡನೇ ವಾರ ಗಾಬರಿ, ಮೂರನೇ ವಾರ ಆಸ್ಪತ್ರೆಯ ಮೊಗಸಾಲೆಯಲ್ಲೂ ಹಾಸಿಗೆಗಳು. ಮೇಲಿನ ಮಹಡಿಗಳಿಂದ ಕೆಂಪು ಚೀಲಗಳಲ್ಲಿ ಬರುತ್ತಿದ್ದ ಬಟ್ಟೆ ಛಾವಣಿ ಮುಟ್ಟುವಷ್ಟಾಯಿತು. ಹನ್ನೊಂದು ಜನರಲ್ಲಿ ನಾಲ್ವರು ಕೆಲಸ ಬಿಟ್ಟು ಹೋದರು. ಇಸ್ತ್ರಿ ಮುದುಕ ಒಂದು ಸೋಮವಾರ ಕೆಮ್ಮಿದ, ಶುಕ್ರವಾರ ತೀರಿಕೊಂಡ. ಅವನು ಕೂರುತ್ತಿದ್ದ ಸ್ಟೂಲನ್ನು ದೊಡ್ಡಕ್ಕ ಮೂರು ಸಲ ಸೋಡಾ ನೀರಿನಲ್ಲಿ ತೊಳೆಸಿದಳು. ಅಂದಿನಿಂದ ಅವಳ ಎದೆಯಲ್ಲಿ ಭಯ ಹೊಕ್ಕಿತು. ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ. ಬೆಳಗಿನ ಪ್ರಾರ್ಥನೆ ಮಾತ್ರ ಮೊದಲಿಗಿಂತ ಉದ್ದವಾಯಿತು.

ಮರುವಾರ ಬಡಗಿಗೆ ಜ್ವರ ಬಂತು. ಅವನು ಮನೆಯಲ್ಲೇ ಬಾಗಿಲು ಹಾಕಿಕೊಂಡು ಮಲಗಿದ. ಎರಡು ದಿನಕ್ಕೆ ತಂಗಿಗೆ ಬಂತು. ಅವಳಿಗೆ ಉಸಿರು ಸಾಲದೆ ಆಸ್ಪತ್ರೆಗೆ ತಂದರು. ಮೂರನೇ ಮಹಡಿ.

ಆ ಮಹಡಿಯ ಹಿರಿಯ ನರ್ಸ್ ತಾನಾಗಿ ನೆಲಮಾಳಿಗೆಗೆ ಇಳಿದು ಬಂದಳು. "ದೊಡ್ಡಕ್ಕ, ಹೊರಗಿನವರನ್ನ ಬಿಡೋ ಹಾಗಿಲ್ಲ. ಆದ್ರೆ ನೀವು ಇಲ್ಲಿಯವರು. ಗೌನು, ಮಾಸ್ಕು ನಾನು ಕೊಡ್ತೀನಿ. ದಿನಕ್ಕೆ ಹತ್ತು ನಿಮಿಷ ಬಂದು ಕೂತ್ಕೊಳ್ಳಿ."

"ಪಾಳಿ ಮುಗಿಸಿ ಬರ್ತೀನಿ ಸಿಸ್ಟರ್," ಎಂದಳು ದೊಡ್ಡಕ್ಕ.

ಪಾಳಿ ಮುಗಿಯಿತು. ಅವಳು ಹಿಂದಿನ ಬಾಗಿಲಿನಿಂದ ಮನೆಗೆ ಹೋದಳು. ಮನೆಯಲ್ಲಿ ಎಪ್ಪತ್ತೈದರ ಅಮ್ಮ ಇದ್ದಾಳೆ, ಅವಳಿಗೆ ಅಂಟಿದರೆ ಏನು ಗತಿ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ದಿನವಿಡೀ ಕೆಂಪು ಚೀಲ ಬಿಚ್ಚುವವಳಿಗೆ ಹತ್ತು ನಿಮಿಷ ಏನು ಮಹಾ? ಆದರೆ ಚೀಲದಲ್ಲಿ ಇರುವುದು ಬಟ್ಟೆ, ಮೇಲೆ ಇರುವುದು ಮುಖ.

ಎರಡನೇ ದಿನ ಎರಡನೇ ಮಹಡಿಯವರೆಗೆ ಮೆಟ್ಟಿಲು ಹತ್ತಿದಳು. ಮೇಲಿನಿಂದ ಕೆಮ್ಮಿನ ಸದ್ದು ಕೇಳಿಸಿತು. ಹಾವು ಕಂಡವಳ ಹಾಗೆ ನಿಂತುಬಿಟ್ಟಳು. ಕಾಲು ಮುಂದಕ್ಕೆ ಬರಲಿಲ್ಲ. ಅಂದು ಬಡಗಿ ಫೋನು ಮಾಡಿ, ಏದುಸಿರು ಬಿಡುತ್ತಾ, "ನೋಡಿದ್ರಾ ಅಕ್ಕ?" ಎಂದು ಕೇಳಿದ. "ಬಿಡ್ತಾ ಇಲ್ಲಪ್ಪ, ಯಾರನ್ನೂ ಬಿಡ್ತಾ ಇಲ್ಲ," ಎಂದು ಬಾಯಿಗೆ ಬಂದಿತು. ಬಂದ ಮೇಲೆ ಆ ಸುಳ್ಳೇ ನಿಂತಿತು.

ಮೂರನೇ ದಿನ ಮಧ್ಯಾಹ್ನ ಒಂದು ಕೆಂಪು ಚೀಲದ ಬಾಯಿಗೆ ಪಿನ್ನು ಹಾಕಿ ಚೀಟಿ ಸಿಕ್ಕಿಸಿದ್ದರು. ಔಷಧಿ ಬರೆಯುವ ಕಾಗದದ ಹಿಂಬದಿ, ಸೀಸದ ಕಡ್ಡಿಯ ಅಕ್ಷರ. ತಾನೇ ಕೈಹಿಡಿದು ತಿದ್ದಿಸಿದ ಅಕ್ಷರ. "ಅಕ್ಕಾ, ನೀನು ಕೆಳಗೇ ಇದ್ದೀಯಂತೆ. ಒಂದು ಸಲ ಬಾ. ಭಯ ಆಗುತ್ತಿದೆ."

ದೊಡ್ಡಕ್ಕ ಓದಿದಳು. ಆಮೇಲೆ ಇಕ್ಕಳದಲ್ಲಿ ಆ ಚೀಟಿಯನ್ನು ಹಿಡಿದು ಕುದಿಯುವ ಸೋಡಾ ನೀರಿನ ಬಕೆಟ್ಟಿಗೆ ಹಾಕಿದಳು. ಅದರಲ್ಲಿ ಜ್ವರ ಅಂಟಿರಬಹುದು ಎಂದು. ಕೈ ತಾನಾಗಿ ಮಾಡಿಬಿಟ್ಟಿತು. ನೀರು ಸ್ವಲ್ಪ ಬೂದು ಬಣ್ಣಕ್ಕೆ ತಿರುಗಿತು, ಅಷ್ಟೇ.

ನಾಳೆ ಖಂಡಿತ ಹೋಗುತ್ತೇನೆ ಎಂದುಕೊಂಡಳು. ಆ ನಾಳೆಯ ಬೆಳಿಗ್ಗೆ ಹನ್ನೊಂದಕ್ಕೆ ತಂಗಿ ಹೋದಳು.

ನಂತರದ ದಿನಗಳಲ್ಲಿ ದೊಡ್ಡಕ್ಕನನ್ನು ಕೊಂದದ್ದು ಜನರ ಸಮಾಧಾನ. "ಪಾಪ, ಒಂದೇ ಕಟ್ಟಡದಲ್ಲಿದ್ದೂ ಮುಖ ನೋಡೋಕೆ ಬಿಡಲಿಲ್ಲವಂತೆ. ಇದೆಂಥಾ ಕಾನೂನು!" ಎಂದು ನೆರೆಯವರು ಕಣ್ಣೊರೆಸಿಕೊಂಡರು. ದೊಡ್ಡಕ್ಕ ತಲೆ ತಗ್ಗಿಸಿ ಕೂತಳು. ತಗ್ಗಿಸಿದ ತಲೆಯನ್ನು ಎಲ್ಲರೂ ದುಃಖ ಎಂದುಕೊಂಡರು. ಬಡಗಿ ಎದ್ದು ಓಡಾಡುವಂತಾದ ದಿನವೇ ಆಸ್ಪತ್ರೆಗೆ ಬಂದು, ಮೂರನೇ ಮಹಡಿಯ ಬಾಗಿಲಲ್ಲಿ ಹಿರಿಯ ನರ್ಸಿನ ಮೇಲೆ ಕೂಗಾಡಿದ. "ಹತ್ತು ನಿಮಿಷ ಬಿಡೋಕಾಗ್ಲಿಲ್ವಾ ನಿಮಗೆ? ಅವಳ ಅಕ್ಕ ಇಲ್ಲೇ ಕೆಳಗಿದ್ರು! ನೀವೇನು ಮನುಷ್ಯರಾ?" ದಿನಕ್ಕೆ ಹತ್ತು ಮಾತಿನವನು ಒಂದು ವರ್ಷದ ಮಾತನ್ನು ಅಂದು ಆಡಿದನಂತೆ. ನರ್ಸ್ ಏನೂ ಹೇಳದೆ ಕೇಳಿಸಿಕೊಂಡಳಂತೆ. ಇದನ್ನು ಕೇಳಿದಾಗ ದೊಡ್ಡಕ್ಕನಿಗೆ ಈ ನೆಲ ಬಾಯ್ಬಿಟ್ಟು ನುಂಗಬಾರದೇ ಎನ್ನಿಸಿತು. ಅದಾದ ಮೇಲೆ ನರ್ಸ್ ಎದುರಾದರೆ ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿಯತೊಡಗಿದಳು.

ಪ್ರಾರ್ಥನೆಗೆ ನಿಂತರೆ ಮಾತು ಎಂದಿನಂತೆಯೇ ಬರುತ್ತಿತ್ತು. ಅದೇ ಅವಳಿಗೆ ಹೇಸಿಗೆಯಾಯಿತು. ನಿನ್ನ ಕರುಣೆ ದೊಡ್ಡದು ಎನ್ನುವಾಗ ಇಕ್ಕಳ ಹಿಡಿದ ಕೈ ಕಣ್ಣ ಮುಂದೆ ಬರುವುದು. ಒಂದು ವಾರ ಹೇಗೋ ನೂಕಿದಳು. ಆಮೇಲೆ ಗಂಟಲು ಕೆಟ್ಟಿದೆ ಎಂದು ಹೇಳಿ ಪ್ರಾರ್ಥನೆಯನ್ನೇ ನಿಲ್ಲಿಸಿದಳು. ಬೇರೆ ಯಾರೂ ಮುಂದೆ ಬರಲಿಲ್ಲ. ಪಾಳಿ ಮೌನದಲ್ಲಿ ಶುರುವಾಗತೊಡಗಿತು.

ಅವಳ ಅಮ್ಮನಿಗೆ ಮಾತ್ರ ದೇವರ ಜೊತೆ ಮಾತು ನಿಲ್ಲಲಿಲ್ಲ. ಆದರೆ ಅದು ಪ್ರಾರ್ಥನೆಯಲ್ಲ, ಜಗಳ. ತರಕಾರಿ ಹೆಚ್ಚುತ್ತಾ, ಪಾತ್ರೆ ತಿಕ್ಕುತ್ತಾ, ಗೋಡೆಯ ಕಡೆ ಮುಖ ಮಾಡಿ, ಪಕ್ಕದ ಮನೆಯವನ ಜೊತೆ ಜಗಳ ಕಾಯುವ ಹಾಗೆ ಬಯ್ಯುವಳು. "ನಿನಗೆ ಕಣ್ಣು ಹಿಂಗಿ ಹೋಗಿದೆಯಾ? ಎಪ್ಪತ್ತೈದರವಳು ನಾನು ಇಲ್ಲಿ ಕೊರಡಿನ ಹಾಗೆ ಕೂತಿರುವಾಗ ಆ ಎಳೆಯದನ್ನ ಕಿತ್ತುಕೊಂಡೆಯಲ್ಲ, ಲೆಕ್ಕ ಬರಲ್ವಾ ನಿನಗೆ? ಬಾ, ಮುಂದೆ ನಿಂತು ಉತ್ತರ ಹೇಳು!"

ದೊಡ್ಡಕ್ಕನಿಗೆ ಮೊದಲಿನಿಂದಲೂ ಇದೆಂದರೆ ಮೈ ಉರಿ. ಒಂದು ದಿನ ತಡೆಯಲಾರದೆ, "ಅಮ್ಮಾ, ದೇವರನ್ನ ಹಾಗೆಲ್ಲ ಬೈಬಾರದು," ಎಂದಳು.

ಅಮ್ಮ ಚಾಕು ಕೆಳಗಿಟ್ಟಳು. "ಮತ್ತೆ ಇನ್ಯಾರನ್ನ ಬೈಲಿ? ನಿನ್ನನ್ನಾ?"

ದೊಡ್ಡಕ್ಕ ಮುಖ ತಿರುಗಿಸಿ ಹೆಚ್ಚಿದ ತರಕಾರಿಯನ್ನು ತಟ್ಟೆಗೆ ತುಂಬತೊಡಗಿದಳು.

"ಇಲ್ಲದವನನ್ನ ಯಾರಾದ್ರೂ ಬೈತಾರೇನೇ?" ಎಂದಳು ಅಮ್ಮ. "ಇದ್ದಾನೆ ಅಂತ ತಾನೇ ಬೈತಿರೋದು. ಬೈದು ಬೈದು ಸುಸ್ತಾದ ಮೇಲೆ ಅವನ ಕಾಲಬುಡದಲ್ಲೇ ಮಲಗ್ತೀನಿ. ನಿನ್ನ ಹಾಗೆ ನಯವಾಗಿ ಮಾತಾಡಿ, ಮುಖ ತಿರುಗಿಸ್ಕೊಂಡು ಹೋಗಲ್ಲ ನಾನು."

ಬಡಗಿ ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ಅಂಗಿ ಗೂಟಕ್ಕೆ ನೇತು ಹಾಕಿದ ಹಾಗೆ ಜೋತಾಡುತ್ತಿತ್ತು, ಅಷ್ಟು ಸೊರಗಿದ್ದ. ಅತ್ತೆಯ ಆರೋಗ್ಯ ಕೇಳಿದ, ಕೊಟ್ಟ ನೀರು ಕುಡಿದ. ಲೋಟ ಕೆಳಗಿಟ್ಟು ಹೇಳಿದ.

"ಅಕ್ಕ, ನನಗೆ ಪ್ರಾರ್ಥನೆ ಬರಲ್ಲ. ಅದೆಲ್ಲ ಅವಳಿಗೆ ಬಿಟ್ಟಿದ್ದೆ. ಈಗ ಒಳಗೆ ಏನೋ ಕುದೀತಾ ಇದೆ, ಹೇಳೋಕೆ ಮಾತಿಲ್ಲ. ನಿಮಗೆ ದೇವರ ಜೊತೆ ಮಾತಾಡಿ ಅಭ್ಯಾಸ. ನನ್ನ ಪರವಾಗಿ ಒಂದ್ಸಲ ಕೇಳ್ತೀರಾ? ಒಳ್ಳೆ ಮಾತು ಬೇಡ. ಯಾಕೆ ಹೀಗೆ ಮಾಡ್ದೆ ಅಂತ ಕೇಳಿ, ಸಾಕು."

ಬೇಡ ಎನ್ನಲು ಅವಳಿಗೆ ನೆಪ ಹೊಳೆಯಲಿಲ್ಲ. ಗಂಟಲು ಕೆಟ್ಟಿದೆ ಎಂದು ಅವನಿಗೂ ಹೇಳಲೇ? ಅಮ್ಮ ಬಾಗಿಲ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. ದೊಡ್ಡಕ್ಕ ಕಣ್ಣು ಮುಚ್ಚಿದಳು. ಹಳೆಯ ಮಾತುಗಳು ಸಾಲುಗಟ್ಟಿ ನಿಂತವು. ಅವನ್ನು ಆಚೆ ತಳ್ಳಿ, ಅವನು ಕೇಳಿದ್ದನ್ನೇ ಶುರು ಮಾಡಿದಳು.

"ದೇವರೇ, ಇವನು ಕೇಳ್ತಿದ್ದಾನೆ, ಯಾಕೆ ಹೀಗೆ ಮಾಡ್ದೆ? ಯಾರ ಮನೆಗೂ ಕೆಟ್ಟ ಮರ ಹಾಕದವನು. ಅವನ ಹೆಂಡತಿ ಯಾರಿಗೂ ಕೆಟ್ಟ ಮಾತಾಡದವಳು. ನಲವತ್ತು ಹಾಸಿಗೆ ಹಾಕಿದ್ದ ಆ ವಾರ್ಡಲ್ಲಿ ನಿನಗೆ ನಿಲ್ಲೋಕೆ ಒಂದಿಷ್ಟು ಜಾಗ ಇರಲಿಲ್ವಾ? ಅವಳಿಗೆ ಉಸಿರು ಕಟ್ಟುವಾಗ ನೀನೆಲ್ಲಿದ್ದೆ? ಭಯ ಆಗ್ತಿದೆ ಅಂತ ಬರೆದಳಲ್ಲ, ಬಾ ಅಂತ ಕರೆದಳಲ್ಲ, ಅಷ್ಟು ಹತ್ತಿರ ಇದ್ದೂ ಯಾಕೆ ಹೋಗಲಿಲ್ಲ? ಕರೆದಾಗ ಯಾಕೆ…"

ಮಾತು ಅಲ್ಲೇ ನಿಂತಿತು. ತಾನು ಯಾರನ್ನು ಕೇಳುತ್ತಿದ್ದೇನೆ ಎಂದು ಅವಳ ಕಿವಿಗೇ ಕೇಳಿಸಿತ್ತು.

"ಬರೆದಳಾ? ಯಾರಿಗೆ?" ಎಂದ ಬಡಗಿ.

ಕಣ್ಣು ತೆರೆಯುವ ಧೈರ್ಯ ಅವಳಿಗೆ ಬರಲಿಲ್ಲ. ಅವನ ಮುಖ ನೋಡಿ ಹೇಳಲಾಗದ್ದನ್ನು ಮುಚ್ಚಿದ ಕಣ್ಣಿನಲ್ಲಿ ದೇವರಿಗೇ ಹೇಳಿದಳು. "ನನಗೆ ಬರೆದಳು. ನಿನಗೆ ಗೊತ್ತಿದೆ. ನಾನು ಹೋಗಲಿಲ್ಲ. ಸಿಸ್ಟರ್ ಬಾ ಅಂದ್ರು, ಗೌನು ಕೊಡ್ತೀನಿ ಅಂದ್ರು. ನಾಲ್ಕು ದಿನ ನಾನು ಹೆದರಿ ಕೆಳಗೇ ಕೂತೆ. ಅವಳ ಚೀಟಿನ ಇಕ್ಕಳದಲ್ಲಿ ಹಿಡಿದು ಕುದಿನೀರಿಗೆ ಹಾಕ್ದೆ. ಎತ್ತಿ ಆಡಿಸಿದ ಮಗು ಅದು. ಊರಿಗೆಲ್ಲ ಸುಳ್ಳು ಹೇಳ್ದೆ, ಬಿಡಲಿಲ್ಲ ಅಂತ. ನಿನ್ನ ಹೆಸರು ಹೇಳಿ ಇಪ್ಪತ್ತೆರಡು ವರ್ಷ ಮೆರೆದವಳು ನಾನು. ಒಂದು ಮಹಡಿ ಮೆಟ್ಟಿಲು ಉಳಿದಿತ್ತು, ನನ್ನ ಕಾಲಿಗೆ ಅಷ್ಟು ಬಲ ಕೊಡೋಕೆ ನಿನಗೂ ಆಗ್ಲಿಲ್ವಾ?"

ಕೊನೆಗೆ ಅವಳು ಕಣ್ಣು ಬಿಟ್ಟಾಗ ಬಡಗಿ ಎದ್ದು ನಿಂತಿದ್ದ.

"ಬಿಡಲಿಲ್ಲ ಅಂದ್ರಲ್ಲ ಅಕ್ಕ."

"ಬಿಡ್ತಿದ್ರು."

"ನಾನು ಆ ನರ್ಸಮ್ಮನ್ನ ಎಲ್ಲರ ಮುಂದೆ ಬಾಯಿಗೆ ಬಂದ ಹಾಗೆ ಬೈದೆ. ಅವರು ತಲೆ ತಗ್ಗಿಸಿ ನಿಂತಿದ್ರು." ಅವನು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟು ತಿರುಗಿದ. "ನಿಮಗೆ ಗೊತ್ತಿತ್ತಾ, ನಾನು ಬೈದದ್ದು?"

"ಗೊತ್ತಿತ್ತು."

ಅವನು ಚಪ್ಪಲಿ ಮೆಟ್ಟಿದ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಹಾಗೆಯೇ ಬೀದಿಗಿಳಿದು ಹೋದ.

ಅಮ್ಮ ಅಂದು ಮಾತನಾಡಲಿಲ್ಲ. ಮಾರನೆಯ ದಿನವೂ ಇಲ್ಲ. ತಟ್ಟೆ ಹಾಕುವಳು, ಲೋಟ ಇಡುವಳು, ಮುಖ ನೋಡಳು. ದೇವರನ್ನು ಬಯ್ಯುವುದೂ ನಿಂತಿತ್ತು. ಆ ಮೌನ ದೊಡ್ಡಕ್ಕನಿಗೆ ಬೈಗುಳಕ್ಕಿಂತ ಭಾರವಾಯಿತು. ಇನ್ನು ಈ ಮನೆಯಲ್ಲಿ ತನ್ನ ಪಾಲಿಗೆ ಯಾರೂ ಉಳಿದಿಲ್ಲ, ಮೇಲಿನವನೂ ಸೇರಿ ಎಂದುಕೊಂಡಳು. ಮೂರನೆಯ ಬೆಳಿಗ್ಗೆ ಅವಳು ಸ್ನಾನದ ಮನೆಯಲ್ಲಿದ್ದಾಗ ಅಡುಗೆಮನೆಯಿಂದ ಆ ಒಡಕು ದನಿ ಮತ್ತೆ ಕೇಳಿಸಿತು.

"ಒಬ್ಬಳನ್ನ ಕಿತ್ತುಕೊಂಡೆ. ಇನ್ನೊಬ್ಬಳನ್ನ ಹೀಗೆ ಹೇಡಿ ಮಾಡಿ ನನ್ನ ಮಡಿಲಿಗೆ ಎಸೆದೆ. ಇವಳನ್ನ ನಾನು ಏನು ಮಾಡ್ಲಿ ಹೇಳು? ಹೊಡೀಲಾ, ಅಪ್ಪಿಕೊಳ್ಳಲಾ? ಅದು ಚಿಕ್ಕದಿದ್ದಾಗಿಂದ ಹೆದರುಪುಕ್ಕಲು, ನಿನಗೂ ಗೊತ್ತು ನನಗೂ ಗೊತ್ತು. ಮನೆ ಭಾರ ಹೊತ್ತು ಗಟ್ಟಿಗಿತ್ತಿ ಹಾಗೆ ನಾಟಕ ಆಡ್ತು ಪಾಪ. ಈಗ ತಲೆ ಎತ್ತೋಕಾಗದೆ ಸಾಯ್ತಿದೆ. ಇದನ್ನೂ ಕೈಬಿಟ್ಟೆಯೋ, ನೋಡು, ನಾನು ನಿನ್ನ ಸುಮ್ಮನೆ ಬಿಡಲ್ಲ!"

ದೊಡ್ಡಕ್ಕ ಒದ್ದೆ ಮೈಯಲ್ಲೇ ಬಾಗಿಲಿಗೆ ಹಣೆ ಆನಿಸಿ ನಿಂತಳು. ಹೇಡಿ ಎಂಬ ಮಾತು ಚುಚ್ಚಿತು. ಅದು ಅವಳಿಗೆ ಸಲ್ಲಬೇಕಾದ ಮಾತೇ. ಆದರೆ ಆ ಬೈಗುಳದ ನಡುವೆ ತನಗೂ ಒಂದು ಜಾಗ ಇದೆ, ತನ್ನ ಪರವಾಗಿಯೂ ಒಬ್ಬಳು ದೇವರ ಅಂಗಿ ಹಿಡಿದು ಜಗ್ಗುತ್ತಿದ್ದಾಳೆ. ತಂಗಿ ಹೋದ ಮೇಲೆ ಮೊದಲ ಸಲ ಅವಳು ಸದ್ದು ಮಾಡಿ ಅತ್ತಳು.

ಅಂದು ಬೆಳಿಗ್ಗೆ ಕೆಲಸಕ್ಕೆ ಹೋದವಳೇ ಉಳಿದ ಆರು ಜನರನ್ನು ಯಂತ್ರಗಳ ಮುಂದೆ ನಿಲ್ಲಿಸಿದಳು. "ಇವತ್ತು ಒಳ್ಳೆ ಮಾತು ಇಲ್ಲ. ಬರೀ ದೂರು," ಎಂದಳು. ತಂಗಿಯ ವಿಷಯವನ್ನು ಮುಚ್ಚದೆ, ಬಿಡದೆ ಹೇಳಿದಳು. ಇಸ್ತ್ರಿ ಮುದುಕನನ್ನು ಏಕೆ ಕರೆದುಕೊಂಡೆ ಎಂದು ಕೇಳಿದಳು. ಮಾತು ಎಡವಿತು, ಎರಡು ಸಲ ನಿಂತೇಹೋಯಿತು. ಮುಗಿದ ಮೇಲೆ ಕೆಲವರು ಅವಳ ಕಡೆ ನೋಡದೆ ಕೈಗವಸು ಹಾಕಿಕೊಂಡರು. ಅದನ್ನು ಅವಳು ನಿರೀಕ್ಷಿಸಿಯೇ ಇದ್ದಳು. ಸೋಡಾ ಅಳೆಯುವ ಹೆಂಗಸು ಮಾತ್ರ ನಿಂತಲ್ಲೇ ನಿಂತು, "ನನ್ನ ಗಂಡನಿಗೆ ಇನ್ನೂ ಜ್ವರ ಬಿಟ್ಟಿಲ್ಲ. ನನಗೂ ಕೇಳೋದಿದೆ," ಎಂದು ಕಣ್ಣು ಮುಚ್ಚಿಕೊಂಡಳು.

ಹತ್ತು ಗಂಟೆಗೆ ದೊಡ್ಡಕ್ಕ ಮೆಟ್ಟಿಲು ಹತ್ತಿದಳು. ಎರಡನೇ ಮಹಡಿಯಲ್ಲಿ ಕಾಲು ಹಿಂದಿನಂತೆಯೇ ನಿಂತಿತು. ಭಯ ಎಲ್ಲಿಗೂ ಹೋಗಿರಲಿಲ್ಲ. ಮೆಟ್ಟಿಲ ಪಕ್ಕದ ಕಟಾಂಜನ ಹಿಡಿದು, "ನೀನು ಬೈಸಿಕೊಂಡೆಯಲ್ಲ, ಈಗ ಹತ್ತಿಸು," ಎಂದು ಗೊಣಗುತ್ತಾ ಒಂದೊಂದೇ ಮೆಟ್ಟಿಲು ಏರಿದಳು.

ಹಿರಿಯ ನರ್ಸ್ ಬಾಗಿಲಲ್ಲೇ ಸಿಕ್ಕಳು. ದೊಡ್ಡಕ್ಕ ಬಾಯಿ ತೆರೆಯುವ ಮೊದಲೇ, "ಬೇಡ, ನನಗೆ ಗೊತ್ತು," ಎಂದಳು.

"ಗೊತ್ತಿದ್ದೂ ಅವನ ಕೈಲಿ ಬೈಸಿಕೊಂಡ್ರಿ. ಯಾಕೆ ಸಿಸ್ಟರ್?"

"ಅವತ್ತು ಅವರಿಗೆ ಬೈಯೋಕೆ ಯಾರಾದ್ರೂ ಬೇಕಾಗಿತ್ತು. ನಿಮ್ಮ ಹೆಸರು ಹೇಳಿದ್ರೆ ಅವರಿಗೆ ಉಳಿದಿದ್ದ ಒಂದು ಮನೆನೂ ಹೋಗ್ತಿತ್ತು." ನರ್ಸ್ ಬೆಂಚು ತೋರಿಸಿದಳು. ಕೂತ ಮೇಲೆ ದೊಡ್ಡಕ್ಕ ಕೇಳಿದಳು: "ನನ್ನನ್ನ ಕೇಳಿದಳಾ?"

"ಕೇಳಿದಳು. ಸುಳ್ಳು ಹೇಳಲ್ಲ. ಎರಡು ದಿನ ಕೇಳಿದಳು." ದೊಡ್ಡಕ್ಕ ಮುಖ ಮುಚ್ಚಿಕೊಂಡಳು. ನರ್ಸ್ ಮುಂದುವರಿಸಿದಳು. "ಕೊನೇ ಬೆಳಿಗ್ಗೆ ದೇವರ ಜೊತೆ ಜಗಳಕ್ಕೆ ನಿಂತಳು. ಇದೇನು ನಿನ್ನ ನ್ಯಾಯ, ನನ್ನ ಗಂಡ ಅಲ್ಲಿ ಒಬ್ಬನೇ ಮಲಗಿದ್ದಾನೆ, ಅವನನ್ನಾದ್ರೂ ಉಳಿಸ್ತೀಯೋ ಇಲ್ವೋ ಅಂತ. ನಾನು ಕೈ ಹಿಡ್ಕೊಂಡಿದ್ದೆ. 'ನಮ್ಮಕ್ಕನ ಥರ ಪ್ರಾರ್ಥನೆ ನಂಗೆ ಬರಲ್ಲ ಸಿಸ್ಟರ್, ನಮ್ಮಮ್ಮನ ಥರದ್ದೇ ಬರೋದು,' ಅಂದಳು. ನಕ್ಕಳು ಕೂಡ. ಆಮೇಲೆ ಸುಸ್ತಾಗಿ ಕಣ್ಣು ಮುಚ್ಚಿದಳು. ಒದ್ದಾಡಲಿಲ್ಲ."

ಅಂದು ನರ್ಸ್ ಅವಳಿಗೆ ಗೌನು ತೊಡಿಸಿದಳು. ಯಾರೂ ನೋಡಲು ಬಾರದ ಒಬ್ಬ ಮುದುಕಿಯ ಪಕ್ಕ ದೊಡ್ಡಕ್ಕ ಹತ್ತು ನಿಮಿಷ ಕೂತಳು. ಮುದುಕಿ ತನ್ನ ಮಗಳ ಹೆಸರು ಹಿಡಿದು ನರಳುತ್ತಲೇ ಇದ್ದಳು. ಸಮಾಧಾನದ ಮಾತು ದೊಡ್ಡಕ್ಕನ ಬಾಯಿಯವರೆಗೆ ಬಂದರೂ ಅವಳು ಅದನ್ನು ನುಂಗಿ, ಬರೀ ಹೂಂಗುಟ್ಟಿದಳು. ಮಾರನೆಯ ದಿನವೂ ಹೋದಳು. ಹೋಗುವುದು ಸುಲಭವಾಗಲಿಲ್ಲ, ಆದರೆ ತಪ್ಪಲಿಲ್ಲ. ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಮಿಂದು, ಅಮ್ಮನಿಂದ ದೂರ ಬೇರೆ ಕೋಣೆಯಲ್ಲಿ ಮಲಗುವಳು. "ಹೋಗೋದಾದ್ರೆ ಹೋಗು, ನನ್ನನ್ನ ನೆಪ ಮಾಡಬೇಡ," ಎಂದು ಅಮ್ಮ ಬಾಗಿಲಾಚೆಯಿಂದಲೇ ಹೇಳಿದಳು.

ಬಡಗಿ ಐದು ವಾರ ಬರಲಿಲ್ಲ. ಬೀದಿಯಲ್ಲಿ ಎದುರಾದರೆ ಆಚೆ ಬದಿಗೆ ದಾಟುವನು. ದೊಡ್ಡಕ್ಕ ಅವನ ಮನೆಯ ಬಾಗಿಲಿಗೆ ಹೋಗಿ, ನರ್ಸ್ ಹೇಳಿದ್ದನ್ನು ಒಂದು ಕಾಗದದಲ್ಲಿ ಬರೆದು ಸಂದಿಯಲ್ಲಿ ತೂರಿಸಿ ಬಂದಳು. ಕೊನೆಗೆ, "ನನ್ನನ್ನು ಕೇಳಿದಳಂತೆ, ಎರಡು ದಿನ," ಎಂಬುದನ್ನೂ ಬಿಡದೆ ಬರೆದಿದ್ದಳು.

ಆರನೆಯ ವಾರ ಅವನು ಮೂರನೇ ಮಹಡಿಗೆ ಬಂದು ಹಿರಿಯ ನರ್ಸಿನ ಮುಂದೆ ಕೈಮುಗಿದು ನಿಂತನಂತೆ. ಅಲ್ಲಿಂದ ನೇರ ಇವರ ಮನೆಗೆ ಬಂದ. ಸಂಜೆಯ ಬಿಸಿಲು ಹೊಸ್ತಿಲವರೆಗೆ ಬಂದಿತ್ತು. ಒಳಗೆ ಬಂದು ಅತ್ತೆಯ ಪಕ್ಕ ನೆಲದ ಮೇಲೆ ಕೂತ.

"ನಾನು ಕ್ಷಮಿಸ್ತೀನಿ ಅಂತ ಹೇಳೋಕೆ ಬಂದಿಲ್ಲ," ಎಂದ. "ಅದು ನನ್ನ ಕೈಲಿ ಆಗುತ್ತೋ ಇಲ್ವೋ ಗೊತ್ತಿಲ್ಲ."

"ಬೇಡಪ್ಪ," ಎಂದಳು ದೊಡ್ಡಕ್ಕ. "ನಾನು ಅದನ್ನ ಕೇಳೋ ಹಾಗೂ ಇಲ್ಲ."

"ಅವಳ ಮಂಚ ಎಲ್ಲಿತ್ತು? ನಾನು ಅಲ್ಲಿವರೆಗೆ ಹೋದೆ, ಒಳಗೆ ಹೋಗೋಕೆ ಆಗ್ಲಿಲ್ಲ. ನೀವು ಈಗ ದಿನಾ ಹೋಗ್ತೀರಂತೆ."

"ಸಿಸ್ಟರ್ ತೋರಿಸಿದ್ರು. ಪೂರ್ವದ ಗೋಡೆ, ಮೂರನೇದು. ಪಕ್ಕದಲ್ಲೇ ಕಿಟಕಿ. ಮಲಗಿದ್ರೂ ಹೊರಗೆ ಕಾಣುತ್ತೆ, ಹಿಂದಿನ ಶಾಲೆಯ ಅಂಗಳ, ಒಂದು ನೀರಿನ ಟ್ಯಾಂಕು. ಬೆಳಿಗ್ಗೆ ಬಿಸಿಲು ಕಾಲ ಹತ್ತಿರ ಬೀಳುತ್ತೆ."

"ಕಿಟಕಿ ಇತ್ತಾ?" ಎಂದ ಅವನು. ಮತ್ತೊಮ್ಮೆ ಅದನ್ನೇ ಕೇಳಿದ. ಜೀವಮಾನವಿಡೀ ಕಿಟಕಿ ಮಾಡಿದವನು ಎರಡು ಕೈಯಲ್ಲಿ ತಲೆ ಹಿಡಿದು ಬಿಕ್ಕಿದ. ಅಮ್ಮ ಅವನ ಬೆನ್ನ ಮೇಲೆ ಕೈಯಿಟ್ಟಳು. ಇಟ್ಟವಳೇ, ಗೋಡೆಯ ಕಡೆ ತಿರುಗಿ, "ನೋಡಿದೆಯಾ ಇವನನ್ನ? ನೋಡು, ಕಣ್ಣು ಬಿಟ್ಟು ನೋಡು!" ಎಂದು ಗುಡುಗಿದಳು.

ಬಡಗಿ ತಲೆ ಎತ್ತಿದ. ಹರಕು ಹರಕಾಗಿ ಅವನೂ ಶುರು ಮಾಡಿದ. "ನನ್ನ ಯಾಕೆ ಉಳಿಸಿದೆ? ಅವಳು ಕೇಳಿದ್ದಕ್ಕಾ? ಹಾಗಿದ್ರೆ ಅವಳ ಮಾತು ನಿನಗೆ ಕೇಳಿಸಿತ್ತು ತಾನೇ? ಕೇಳಿಸಿತ್ತಲ್ಲ?"

ಮಾತಿಗೆ ತಡಕಾಡುತ್ತಿದ್ದ ಅವನಿಗೆ ಒಳ್ಳೆಯ ಪದ ಹುಡುಕಿ ಕೊಡಲು ದೊಡ್ಡಕ್ಕ ಹೋಗಲಿಲ್ಲ. ನಾಚಿಕೆಯಿಂದ ಅವಳ ತಲೆ ಇನ್ನೂ ತಗ್ಗಿಯೇ ಇತ್ತು. ಎದ್ದು ಒಳಗೆ ಹೋಗಬೇಕೆನಿಸಿದರೂ ಕೂತಲ್ಲೇ ಕೂತಳು. ಹೋಗುವಾಗ ಅವನು ಅವಳ ಮುಖ ನೋಡಲಿಲ್ಲ. "ಮುಂದಿನ ವಾರ ಬರ್ತೀನಿ ಅತ್ತೆ," ಎಂದ. ಬಂದ ಕೂಡ.